ಕಂಪ್ಯೂಟರ್ ಕೇಳುವ ಪ್ರಶ್ನೆಗೆ ಉತ್ತರಿಸುವವರು ಯಾರು?

2003ರ ಸಪ್ಟೆಂಬರ್ ತಿಂಗಳ ಒಂದು ರಾತ್ರಿ. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ನಾನು ‘ಬರಹ’ದಲ್ಲಿ ಟೈಪ್ ಮಾಡುತ್ತಿದ್ದೆ. ಮನೆಗೆ ಕಂಪ್ಯೂಟರ್ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ದಮ್ಮಾಮ್‌ನಲ್ಲಿ ದುಡಿಯುತ್ತಿದ್ದ ಅಣ್ಣ ಕಳುಹಿಸಿದ ಹಣದಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಜೋಡಿಸಿ ತಂದದ್ದು ಅದು. ಅಣ್ಣನಿಗೊಂದು ಈಮೈಲ್ ಕಳುಹಿಸೋಣವೆಂದು ಟೈಪಿಂಗನ್ನು ಅರ್ಧಕ್ಕೆ ಬಿಟ್ಟು ಇಂಟರ್‌ನೆಟ್‌ಗೆ ಹೋದೆ. ಆಗ ನಮ್ಮಲ್ಲಿ ಫೋನ್ ತಂತಿಯ ಮೂಲಕವೇ ಇಂಟರ್‌ನೆಟ್. ಮೋಡೆಮ್ ಕಿರುಗುಟ್ಟಿ, ಕೂಗಾಡಿ, ಕೊನೆಗೆ ಸುಮ್ಮನಾದರೆ ಸಂಪರ್ಕ ಸಿಕ್ಕಿತು ಎಂದರ್ಥ. ಐದು ನಿಮಿಷ ಕಳೆದಿರಲಿಲ್ಲ, ಪರದೆಯ ನಡುವೆ ಒಂದು ಚೌಕ ಮೂಡಿತು. ಕಂಪ್ಯೂಟರ್ ಇನ್ನು 60 ಸೆಕೆಂಡುಗಳಲ್ಲಿ ಮುಚ್ಚಿಕೊಳ್ಳಲಿದೆ, ಮಾಡುತ್ತಿರುವ ಕೆಲಸವನ್ನು ಉಳಿಸಿಕೊಳ್ಳಿ ಎಂಬ ಸೂಚನೆ. 59, 58, 57...

“ಎಂತ ಅದು ಮೋನೇ, ಹಿಂದಕ್ಕೆ ಎಣಿಸುತ್ತಾ ಉಂಟಲ್ಲ?” ಎಂದು ಉಮ್ಮ ಕೇಳಿದರು.

ಚೌಕವನ್ನು ಮುಚ್ಚಲು ಹುಡುಕಿದೆ. ಮುಚ್ಚುವ ಗುಂಡಿಯೇ ಅದರಲ್ಲಿ ಇರಲಿಲ್ಲ. ಹುಡುಕುವುದರಲ್ಲೇ ಸಮಯ ಕಳೆದು ಕಂಪ್ಯೂಟರ್ ತಾನಾಗಿ ಆರಿತು, ತಾನಾಗಿ ಮತ್ತೆ ಹೊತ್ತಿಕೊಂಡಿತು. ಪ್ರಶ್ನೆಪತ್ರಿಕೆ ಹೋಗಿತ್ತು. ಮರುದಿನ ಸಿಪಿಯುವನ್ನು ಹಳೆಯ ಬೆಡ್‌ಶೀಟ್‌ನಲ್ಲಿ ಸುತ್ತಿ ರಿಕ್ಷಾದಲ್ಲಿಟ್ಟು ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ನೋಡಿ, “ವೈರಸ್ ಬಂದಿದೆ ಮಾಸ್ಟ್ರೇ, ಫಾರ್ಮ್ಯಾಟ್ ಮಾಡಬೇಕು” ಎಂದ. ಮಾಡು ಎಂದೆ. ಫಾರ್ಮ್ಯಾಟ್ ಎಂದರೆ ಹಾರ್ಡ್ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುವುದು ಎಂಬುದು ನನಗೆ ತಿಳಿದಿರಲಿಲ್ಲ. ಉಳಿಸಬೇಕಾದದ್ದು ಇದೆಯೇ ಎಂದು ಅವನು ಕೇಳಲಿಲ್ಲ, ಇದೆ ಎಂದು ನಾನೂ ಹೇಳಲಿಲ್ಲ.

ಉಳಿಸಬೇಕಾದದ್ದು ಇತ್ತು. ಗಲ್ಫ್‌ಗೆ ಫೋನ್ ಮಾಡುವುದು ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ಮನೆಗಳಿಂದ ಕ್ಯಾಸೆಟ್‌ನಲ್ಲಿ ಮಾತು ತುಂಬಿ ಕಳುಹಿಸುವ ಪದ್ಧತಿ ಇದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಬಾಪ ತೀರಿಹೋಗುವ ಹಿಂದಿನ ವರ್ಷ ಅಣ್ಣನಿಗೆ ಹಾಗೆ ಮಾತಾಡಿ ಕಳುಹಿಸಿದ್ದ ಒಂದು ಕ್ಯಾಸೆಟ್ ರಜೆಯಲ್ಲಿ ಅಣ್ಣನೊಂದಿಗೆ ಊರಿಗೆ ಮರಳಿತ್ತು. ಅದನ್ನು ಬಹಳ ಕಷ್ಟಪಟ್ಟು ಕಂಪ್ಯೂಟರ್‌ಗೆ ಇಳಿಸಿದ್ದೆ. ಮಳೆಗಾಲದಲ್ಲಿ ಕ್ಯಾಸೆಟ್‌ನ ಟೇಪು ಬೂಸು ಹಿಡಿದು ಕೆಟ್ಟಾಗ, ಹೇಗೂ ಕಂಪ್ಯೂಟರ್‌ನಲ್ಲಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೆವು.

ಫಾರ್ಮ್ಯಾಟ್ ಆದ ಕಂಪ್ಯೂಟರನ್ನು ಸಂಜೆ ಮನೆಗೆ ತಂದು, ವಿಂಡೋಸ್‌ಗೆ ಹೊಸ ತೇಪೆ ಹಾಕಿಕೊಳ್ಳಬೇಕೆಂದು ಹುಡುಗ ಹೇಳಿದ್ದರಿಂದ ಇಂಟರ್‌ನೆಟ್‌ಗೆ ಸಂಪರ್ಕಿಸಿದೆ. ತೇಪೆ ಕಾಲು ಭಾಗವೂ ಇಳಿದಿರಲಿಲ್ಲ. ಚೌಕ ಮತ್ತೆ ಬಂತು. 59, 58, 57...

ಹೊಚ್ಚ ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರ್. ಯಾವ ಈಮೈಲನ್ನೂ ತೆರೆದಿರಲಿಲ್ಲ. ಯಾರ ಸಿಡಿಯನ್ನೂ ಹಾಕಿರಲಿಲ್ಲ. ಹಾಗಿದ್ದರೂ ಅದು ಬಂದದ್ದು ಎಲ್ಲಿಂದ?

ಒಂದು ಮನೆ, ಸಾವಿರಾರು ಬಾಗಿಲು

ಆ ವೈರಿಯ ಹೆಸರು ಬ್ಲಾಸ್ಟರ್. ಸರಿಯಾಗಿ ಹೇಳಬೇಕೆಂದರೆ ಅದು ವೈರಸ್ ಅಲ್ಲ, ವರ್ಮ್, ಅಂದರೆ ಹುಳ. ವೈರಸ್ ಹರಡಬೇಕಾದರೆ ಸಾಮಾನ್ಯವಾಗಿ ನಾವೊಂದು ಫೈಲನ್ನು ತೆರೆಯಬೇಕು. ಹುಳಕ್ಕೆ ನಮ್ಮ ಸಹಾಯವೇ ಬೇಡ, ತಾನಾಗಿ ತೆವಳಿ ಬರುತ್ತದೆ. 2003ರ ಆಗಸ್ಟ್ 11ರಂದು ಅದು ಕಾಣಿಸಿಕೊಂಡಿತು. ಅದು ಬಳಸಿಕೊಂಡ ವಿಂಡೋಸ್‌ನ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ, ಅಂದರೆ ಸುಮಾರು ಒಂದು ತಿಂಗಳ ಮೊದಲೇ ಬಿಡುಗಡೆ ಮಾಡಿತ್ತು. ಆದರೆ ನನ್ನಂತೆ ತೇಪೆ ಹಾಕದವರು ಜಗತ್ತಿನಾದ್ಯಂತ ಇದ್ದರು.

ಹುಳ ಹೇಗೆ ಬಂತು ಎಂದು ತಿಳಿಯಬೇಕಾದರೆ ಇಂಟರ್‌ನೆಟ್‌ನ ಒಂದು ವಿಷಯವನ್ನು ಅರಿತಿರಬೇಕು. ಇಂಟರ್‌ನೆಟ್‌ಗೆ ಸೇರಿದ ಪ್ರತಿಯೊಂದು ಕಂಪ್ಯೂಟರ್‌ಗೂ ಒಂದು ಸಂಖ್ಯಾ ವಿಳಾಸ ಇರುತ್ತದೆ. ಅದನ್ನು ಮನೆ ನಂಬರ್ ಎಂದುಕೊಳ್ಳಿ. ಆ ಮನೆಗೆ ಅರುವತ್ತೈದು ಸಾವಿರಕ್ಕೂ ಹೆಚ್ಚು ಬಾಗಿಲುಗಳು. ಇವುಗಳಿಗೆ ಪೋರ್ಟ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ನಂಬರ್ ಇದೆ. ವೆಬ್ ಪುಟಗಳು 80 ಮತ್ತು 443ನೆಯ ಬಾಗಿಲಿನ ವ್ಯವಹಾರ. ಒಂದು ಕಂಪ್ಯೂಟರಿನ ಫೈಲು, ಪ್ರಿಂಟರುಗಳನ್ನು ಇನ್ನೊಂದು ಕಂಪ್ಯೂಟರ್ ಬಳಸುವುದು 445ನೆಯ ಬಾಗಿಲಿನಲ್ಲಿ. ದೂರದಿಂದಲೇ ಕಂಪ್ಯೂಟರನ್ನು ನಡೆಸುವ ವಿಂಡೋಸ್‌ನ ವ್ಯವಸ್ಥೆ 3389ರಲ್ಲಿ. ಹೆಚ್ಚಿನ ಬಾಗಿಲುಗಳ ಹಿಂದೆ ಯಾರೂ ಇರುವುದಿಲ್ಲ, ತಟ್ಟಿದರೆ ಓಗೊಡುವವರಿಲ್ಲ. ಆದರೆ ಕೆಲವು ಬಾಗಿಲುಗಳ ಹಿಂದೆ ವಿಂಡೋಸ್ ತನ್ನ ಆಳುಗಳನ್ನು ನಿಲ್ಲಿಸಿರುತ್ತದೆ. ನಾವು ಕೇಳಿರದಿದ್ದರೂ, ನಮಗೆ ಗೊತ್ತೇ ಇಲ್ಲದಿದ್ದರೂ ಅವು ಅಲ್ಲಿ ನಿಂತು ಯಾರಾದರೂ ತಟ್ಟುತ್ತಾರೆಯೇ ಎಂದು ಕಾಯುತ್ತವೆ.

135ನೆಯ ಬಾಗಿಲಿನ ಆಳು ದಡ್ಡನಾಗಿದ್ದ. ಒಂದು ನಿರ್ದಿಷ್ಟ ರೀತಿಯಲ್ಲಿ ಬರೆದ ಸಂದೇಶವನ್ನು ಕೊಟ್ಟರೆ ಅವನು ದಿಕ್ಕೆಟ್ಟು, ಬಂದವನು ಹೇಳಿದಂತೆ ಕುಣಿಯುತ್ತಿದ್ದ. ಬ್ಲಾಸ್ಟರ್ ಆ ಸಂದೇಶವನ್ನೇ ಹಿಡಿದುಕೊಂಡು ಕಂಡ ಕಂಡ ವಿಳಾಸಗಳ 135ನೆಯ ಬಾಗಿಲನ್ನು ತಟ್ಟುತ್ತಾ ಹೋಗುತ್ತಿತ್ತು. ಆ ಆಳು ಪ್ರಜ್ಞೆ ತಪ್ಪಿ ಬಿದ್ದುದರಿಂದಲೇ ನನ್ನ ಪರದೆಯಲ್ಲಿ ಆ 60 ಸೆಕೆಂಡುಗಳ ಎಣಿಕೆ ಬಂದದ್ದು. ಒಳಹೊಕ್ಕ ಬಳಿಕ ಹುಳ ಸುಮ್ಮನಿರುತ್ತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಕುಳಿತು, ನನ್ನ ಫೋನ್ ಬಿಲ್ಲಿನಲ್ಲಿ, ಇತರರ ಬಾಗಿಲುಗಳನ್ನು ತಟ್ಟಲು ತೊಡಗುತ್ತಿತ್ತು. ನಾನು ಉಮ್ಮನೊಂದಿಗೆ ಮಾತಾಡುತ್ತಿದ್ದ ಆ ಒಂದು ನಿಮಿಷದಲ್ಲಿ ನನ್ನ ಮನೆಯಿಂದ ಎಷ್ಟು ಮನೆಗಳಿಗೆ ತೊಂದರೆ ಹೋಯಿತೋ ತಿಳಿಯದು. ನಷ್ಟಪಟ್ಟವನು ನಾನು ಎಂದಷ್ಟೇ ಆಗ ಅಂದುಕೊಂಡಿದ್ದೆ. ಇತರರಿಗೆ ನಷ್ಟ ಮಾಡಿದವನೂ ನಾನೇ ಎಂಬುದು ಅರ್ಥವಾಗಲು ಕೆಲವು ತಿಂಗಳು ಬೇಕಾಯಿತು.

ಎರಡನೆಯ ಬಾರಿ ಚೌಕ ಬಂದಾಗ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. ಅವನೂ ಅಷ್ಟರಲ್ಲಿ ಬೇರೆಯವರಿಂದ ಕೇಳಿ ತಿಳಿದುಕೊಂಡಿದ್ದ. “ಮೊದಲು ತಂತಿ ಕಿತ್ತುಬಿಡಿ ಮಾಸ್ಟ್ರೇ. ಫೈರ್‌ವಾಲ್ ಆನ್ ಮಾಡಿ, ಆಮೇಲೆ ತಂತಿ ಹಾಕಿ, ಆಮೇಲೆ ತೇಪೆ ಇಳಿಸಿ” ಎಂದ. ಅನುಕ್ರಮ ಅಷ್ಟೇ. ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಸಣ್ಣ ಫೈರ್‌ವಾಲ್ 2001ರಿಂದಲೇ ಇತ್ತು! ಸಂಪರ್ಕದ ಗುಣಲಕ್ಷಣಗಳ ಪುಟದ ಮೂಲೆಯಲ್ಲಿ ಅಡಗಿದ್ದ ಒಂದು ಚಿಕ್ಕ ಚೌಕಕ್ಕೆ ಗುರುತು ಹಾಕಿದರೆ ಸಾಕಿತ್ತು. ಅದನ್ನು ಗುರುತು ಹಾಕದೆಯೇ ಕಳುಹಿಸುತ್ತಿದ್ದರು. ಬೀಗ ಕೊಟ್ಟು, ಕೀಲಿಕೈಯನ್ನು ಮಂಚದ ಕೆಳಗೆ ಇಟ್ಟು ಹೋದ ಹಾಗೆ.

ಗುರುತು ಹಾಕಿದೆ. ಚೌಕ ಮತ್ತೆ ಬರಲಿಲ್ಲ.

ಫೈರ್‌ವಾಲ್ ಎಂಬ ಹೆಸರು ಕಟ್ಟಡ ಕೆಲಸದಿಂದ ಬಂದದ್ದು. ಸಾಲು ಕಟ್ಟಡಗಳ ನಡುವೆ, ಒಂದರ ಬೆಂಕಿ ಇನ್ನೊಂದಕ್ಕೆ ಹಬ್ಬದಿರಲಿ ಎಂದು ಎಬ್ಬಿಸುವ ದಪ್ಪ ಗೋಡೆ ಅದು. ಜೀಪಿನಲ್ಲಿ ಇಂಜಿನ್ನಿಗೂ ಚಾಲಕನಿಗೂ ನಡುವೆ ಇರುವ ತಗಡಿಗೂ ಅದೇ ಹೆಸರು. ಆದರೆ ಕಂಪ್ಯೂಟರಿನ ಫೈರ್‌ವಾಲ್ ನಿಜಕ್ಕೂ ಗೋಡೆಯಲ್ಲ, ಕಾವಲುಗಾರ. ಒಳಗಿನಿಂದ ಯಾರಾದರೂ ಪತ್ರ ಬರೆದಿದ್ದರೆ ಅದರ ಉತ್ತರವನ್ನು ಒಳಗೆ ಬಿಡುತ್ತಾನೆ. ಯಾರೂ ಕರೆಯದೆ ಬಂದವನನ್ನು ಗೇಟಿನಲ್ಲೇ ತಡೆಯುತ್ತಾನೆ. ನೀವು ಒಂದು ವೆಬ್ ಪುಟವನ್ನು ಕೇಳಿದರೆ ಆ ಪುಟ ಬರುತ್ತದೆ. ಕೇಳದ 135ನೆಯ ಬಾಗಿಲಿನ ಅತಿಥಿ ಬರುವುದಿಲ್ಲ. ಇಷ್ಟು ಸರಳ. ನಮ್ಮ ಮನೆಗಳಲ್ಲಿ ಹೊರಗಿನವರು ಅಂಗಳದಲ್ಲಿ ನಿಂತು ಸಲಾಮ್ ಹೇಳಿ, ಒಳಗಿನಿಂದ ಉತ್ತರ ಬಂದ ಮೇಲಷ್ಟೇ ಮೆಟ್ಟಿಲೇರುವುದಿಲ್ಲವೇ? ಹಾಗೆಯೇ.

“ಹೌದೋ, ಅಲ್ಲವೋ?”

ಎಕ್ಸ್‌ಪಿಯ ಆ ಪುಟ್ಟ ಫೈರ್‌ವಾಲ್‌ಗೆ ಒಂದು ಕೊರತೆ ಇತ್ತು. ಒಳಬರುವವರನ್ನು ಮಾತ್ರ ಅದು ನೋಡುತ್ತಿತ್ತು. ಒಳಗಿನಿಂದ ಹೊರಹೋಗುವವರನ್ನು ಕೇಳುತ್ತಿರಲಿಲ್ಲ. ಹೇಗಾದರೂ ಮನೆಯೊಳಗೆ ಸೇರಿಕೊಂಡ ಕಳ್ಳ ಚಿನ್ನದ ಗಂಟು ಹೊತ್ತು ಮುಂಬಾಗಿಲಿನಿಂದಲೇ ಹೊರಟರೂ ಸಲಾಮು ಹೊಡೆದು ಬಿಡುವ ಕಾವಲುಗಾರ. ಅದಕ್ಕಾಗಿಯೇ ಆ ದಿನಗಳಲ್ಲಿ ‘ಪರ್ಸನಲ್ ಫೈರ್‌ವಾಲ್’ ಎಂಬ ಪ್ರತ್ಯೇಕ ತಂತ್ರಾಂಶಗಳು ಜನಪ್ರಿಯವಾದವು. ಝೋನ್‌ಅಲಾರ್ಮ್, ಸೈಗೇಟ್, ಕೆರಿಯೋ, ಔಟ್‌ಪೋಸ್ಟ್ ಮುಂತಾದ ಹೆಸರುಗಳು ಆ ಕಾಲದ ಕಂಪ್ಯೂಟರ್ ಪ್ರಿಯರಿಗೆ ನೆನಪಿರಬಹುದು. ಝೋನ್‌ಅಲಾರ್ಮನ್ನು ಮನೆ ಬಳಕೆಗೆ ಉಚಿತವಾಗಿ ಕೊಡುತ್ತಿದ್ದರು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ ಅದು ನನಗೆ ಸಿಕ್ಕಿತು.

ಹಾಕಿದ ಮೊದಲ ದಿನ ತಲೆ ಕೆಟ್ಟುಹೋಯಿತು. ಏನು ಮುಟ್ಟಿದರೂ ಪ್ರಶ್ನೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇಂಟರ್‌ನೆಟ್‌ಗೆ ಹೋಗಲು ಬಯಸುತ್ತದೆ, ಬಿಡಲೇ? ಹೌದು. ಯಾಹೂ ಮೆಸೆಂಜರ್ ಹೋಗಲು ಬಯಸುತ್ತದೆ, ಬಿಡಲೇ? ಹೌದು. ‘ಜೆನೆರಿಕ್ ಹೋಸ್ಟ್ ಪ್ರೋಸೆಸ್’ ಹೋಗಲು ಬಯಸುತ್ತದೆ, ಬಿಡಲೇ? ಇದು ಯಾರಪ್ಪಾ? ವಿಂಡೋಸ್‌ನ ಒಳಗಿನ ಹಲವು ಕೆಲಸಗಳನ್ನು ಹೊತ್ತುಕೊಳ್ಳುವ ‘ಎಸ್‌ವಿಸಿಹೋಸ್ಟ್’ ಎಂಬ ಪ್ರಾಮಾಣಿಕ ಆಳು ಅದು ಎಂದು ತಿಳಿಯದೆ ‘ಇಲ್ಲ’ ಎಂದೆ. ಇಂಟರ್‌ನೆಟ್ಟೇ ನಿಂತುಹೋಯಿತು. ಇದೇ ಆಳಿನ ಹೆಸರಿನ ನಡುವಿನ ಎರಡು ಅಕ್ಷರಗಳನ್ನು ಅದಲುಬದಲು ಮಾಡಿ ‘ಎಸ್‌ಸಿವಿಹೋಸ್ಟ್’ ಎಂದು ವೇಷ ಹಾಕಿ ಬರುವ ದುಷ್ಟ ಪ್ರೋಗ್ರಾಮ್‌ಗಳೂ ಇದ್ದವು! ಅಕ್ಷರ ಅಕ್ಷರ ಓದದಿದ್ದರೆ ಮೋಸ ಹೋಗುವುದು ನಿಶ್ಚಿತ.

ಪ್ರಶ್ನೆಗಳಲ್ಲಿ ಎರಡು ಬಗೆ ಇರುವುದನ್ನು ಕ್ರಮೇಣ ಗಮನಿಸಿದೆ. ಒಂದು, ಈ ಪ್ರೋಗ್ರಾಮ್ ಹೊರಗೆ ಹೋಗಬಹುದೇ ಎಂಬುದು. ಇನ್ನೊಂದು, ಈ ಪ್ರೋಗ್ರಾಮ್ ‘ಸರ್ವರ್’ ಆಗಿ ವರ್ತಿಸಬಹುದೇ ಎಂಬುದು. ಎರಡನೆಯದು ಹೆಚ್ಚು ಗಂಭೀರ. ಸರ್ವರ್ ಆಗುವುದೆಂದರೆ ನಮ್ಮ ಮನೆಯ ಒಂದು ಬಾಗಿಲಿನ ಹಿಂದೆ ಕುಳಿತು, ಹೊರಗಿನಿಂದ ಬರುವವರಿಗೆ ಕದ ತೆರೆಯುವ ಕೆಲಸ ವಹಿಸಿಕೊಳ್ಳುವುದು. ಪತ್ರ ಬರೆಯುವ ತಂತ್ರಾಂಶಕ್ಕೆ, ನಿಘಂಟಿಗೆ, ಮಕ್ಕಳ ಆಟಕ್ಕೆ ಅದರ ಅಗತ್ಯವೇನು? ಒಮ್ಮೆ ನನ್ನ ಅಕ್ಕನ ಮಗ ಎಲ್ಲಿಂದಲೋ ತಂದ ಕಾರು ಓಡಿಸುವ ಆಟವೊಂದು ಹಾಗೆ ಕೇಳಿತು. ‘ಇಲ್ಲ’ ಎಂದೆ. ಕಾರು ಮೊದಲಿನಂತೆಯೇ ಓಡಿತು. ಹಾಗಾದರೆ ಅದು ಕೇಳಿದ್ದು ಕಾರಿಗಾಗಿ ಅಲ್ಲ!

ಈ ಒಂದು ಘಟನೆಯ ಬಳಿಕ ನನಗೆ ಫೈರ್‌ವಾಲ್ ಮೇಲೆ ಗೌರವ ಹುಟ್ಟಿತು. ಆದರೆ ಗೌರವ ಇದ್ದದ್ದು ನನಗೆ ಮಾತ್ರ. ನಾನು ಶಾಲೆಯಲ್ಲಿರುವಾಗ ಅದೇ ಕಂಪ್ಯೂಟರಿನಲ್ಲಿ ಕೂರುತ್ತಿದ್ದ ಹುಡುಗರು ಏನೇ ಕೇಳಿದರೂ ‘ಹೌದು’ ಒತ್ತಿ, ‘ಇನ್ನು ಮುಂದೆ ಕೇಳಬೇಡ’ ಎಂಬ ಚೌಕಕ್ಕೂ ಗುರುತು ಹಾಕುತ್ತಿದ್ದರು. ಒಂದು ಭಾನುವಾರ ಪಟ್ಟಿಯನ್ನು ತೆಗೆದು ನೋಡುತ್ತೇನೆ, ನನಗೆ ಹೆಸರೇ ಗೊತ್ತಿಲ್ಲದ ಏಳೆಂಟು ಪ್ರೋಗ್ರಾಮ್‌ಗಳಿಗೆ ಖಾಯಂ ಅನುಮತಿ ಸಿಕ್ಕಿಬಿಟ್ಟಿದೆ. “ಒತ್ತದಿದ್ದರೆ ಅದು ಹೋಗುವುದೇ ಇಲ್ಲ” ಎಂಬುದು ಹುಡುಗರ ಸಮಜಾಯಿಷಿ. ಕಾವಲುಗಾರ ಪಾಪ ಪ್ರತಿಯೊಬ್ಬನನ್ನೂ ಹಿಡಿದು ತಂದು ಯಜಮಾನನ ಮುಂದೆ ನಿಲ್ಲಿಸುತ್ತಾನೆ. ಯಜಮಾನ ಪತ್ರಿಕೆಯಿಂದ ತಲೆಯೆತ್ತದೆ “ಬಿಡು, ಬಿಡು” ಎನ್ನುತ್ತಾನೆ!

ಹುಡುಗರನ್ನು ಮಾತ್ರ ಬೈಯುವುದು ನ್ಯಾಯವಲ್ಲ. ದಿನಕ್ಕೆ ಇಪ್ಪತ್ತು ಸಲ ಕೇಳಿದರೆ ಯಾರೂ ಓದುವುದಿಲ್ಲ. ಇದು ಆ ತಂತ್ರಾಂಶಗಳ ದೊಡ್ಡ ದೌರ್ಬಲ್ಯವಾಗಿತ್ತು. ಯಾರೋ ಬಾಗಿಲು ತಟ್ಟಿದರು, ತಡೆದೆ ಎಂಬ ವರದಿಗಳೂ ಅಷ್ಟೇ. ಮೊದಮೊದಲು ಒಂದೊಂದು ವರದಿಗೂ ನಾನು ಬೆಚ್ಚಿಬೀಳುತ್ತಿದ್ದೆ, ಯಾರೋ ಹ್ಯಾಕರ್ ನನ್ನ ಹಿಂದೆಯೇ ಬಿದ್ದಿದ್ದಾನೆಂದು. ಇಂಟರ್‌ನೆಟ್‌ನಲ್ಲಿ ಬಾಗಿಲು ತಟ್ಟುವುದು ಎಡೆಬಿಡದೆ ನಡೆಯುವ ಸಂಗತಿ, ಯಂತ್ರಗಳೇ ಯಂತ್ರಗಳನ್ನು ತಟ್ಟುತ್ತಿರುತ್ತವೆ ಎಂದು ತಿಳಿದ ಮೇಲೆ ಆ ವರದಿಗಳನ್ನು ಮುಚ್ಚಿಟ್ಟೆ.

ಈಗ ಬೇಕೇ ಇದೆಲ್ಲ?

ಈ ಪ್ರಶ್ನೆಯನ್ನು ಶಾಲೆಯಲ್ಲಿ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ. ಕಾಲ ಬದಲಾಗಿದೆ ನಿಜ. 2004ರ ಮೇ ತಿಂಗಳ ಆರಂಭದಲ್ಲಿ ಸ್ಯಾಸರ್ ಎಂಬ ಇನ್ನೊಂದು ಹುಳ 445ನೆಯ ಬಾಗಿಲಿನಿಂದ ನುಗ್ಗಿ ಮತ್ತೊಮ್ಮೆ ಜಗತ್ತನ್ನು ಕಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿಯ ‘ಸರ್ವೀಸ್ ಪ್ಯಾಕ್ 2’ರಲ್ಲಿ ಮೈಕ್ರೋಸಾಫ್ಟ್ ತನ್ನ ಫೈರ್‌ವಾಲನ್ನು ಮೊದಲಿನಿಂದಲೇ ಚಾಲೂ ಇರುವಂತೆ ಮಾಡಿತು. ಮಂಚದ ಕೆಳಗಿನ ಕೀಲಿಕೈ ಕೊನೆಗೂ ಬಾಗಿಲಿಗೆ ಬಂತು. ಮುಂದೆ ಬಂದ ವಿಸ್ಟಾದಿಂದ ಇಂದಿನ ವಿಂಡೋಸ್ 11ರವರೆಗೆ ಈ ಫೈರ್‌ವಾಲ್ ಇದೆ, ಒಳಬರುವುದನ್ನೂ ಹೊರಹೋಗುವುದನ್ನೂ ತಡೆಯುವ ಸಾಮರ್ಥ್ಯ ಅದಕ್ಕಿದೆ. ಆದರೆ ನಾವು ವಿಶೇಷವಾಗಿ ಹೇಳದಿದ್ದರೆ ಹೊರಹೋಗುವುದನ್ನು ಅದು ತಡೆಯುವುದಿಲ್ಲ. ಪ್ರಶ್ನೆಗಳ ಕಾಟ ಬೇಡವೆಂದು ಹಾಗೆ ಮಾಡಿದ್ದಾರೆ. ಸೈಗೇಟ್, ಕೆರಿಯೋಗಳು ಅವುಗಳ ಹಳೆಯ ಹೆಸರಿನಲ್ಲಿ ಈಗ ಇಲ್ಲ. ಹೊರಹೋಗುವುದನ್ನೂ ನೋಡಿಕೊಳ್ಳಬೇಕೆನ್ನುವ ಆಸಕ್ತರಿಗೆ ಕೊಮೊಡೊ, ಟೈನಿವಾಲ್‌ನಂತಹ ಉಚಿತ ತಂತ್ರಾಂಶಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಪ್ರತಿ ಪ್ರಶ್ನೆಯನ್ನೂ ಓದಿ ಉತ್ತರಿಸುವ ತಾಳ್ಮೆ ಮನೆಯಲ್ಲಿ ಒಬ್ಬರಿಗಾದರೂ ಇದ್ದರೆ ಅವನ್ನು ಹಾಕಿಕೊಳ್ಳಿ, ಇಲ್ಲವಾದರೆ ವಿಂಡೋಸ್‌ನದ್ದೇ ಸಾಕು. ಎರಡು ಫೈರ್‌ವಾಲ್‌ಗಳನ್ನು ಒಟ್ಟಿಗೆ ಓಡಿಸುವುದಂತೂ ಬೇಡ. ಇಬ್ಬರು ಕಾವಲುಗಾರರು ಪರಸ್ಪರ ಜಗಳಾಡುತ್ತಾ ಕುಳಿತರೆ ಮನೆಯವರೇ ಹೊರಗೆ ನಿಲ್ಲಬೇಕಾದೀತು.

ಇನ್ನೊಂದು ಬದಲಾವಣೆ ರೂಟರ್. 2005ರಲ್ಲಿ ಬಿ.ಎಸ್.ಎನ್.ಎಲ್.ನ ಬ್ರಾಡ್‌ಬ್ಯಾಂಡ್ ಬಂದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಕಂಪ್ಯೂಟರೇ ನೇರವಾಗಿ ಇಂಟರ್‌ನೆಟ್‌ಗೆ ಡಯಲ್ ಮಾಡುತ್ತಿತ್ತು, ಅಂದರೆ ಮನೆ ರಸ್ತೆಯ ಅಂಚಿನಲ್ಲೇ ಇತ್ತು. ಇಂದು ವೈಫೈ ರೂಟರ್ ಮುಂದೆ ನಿಂತಿದೆ. ಹೊರಗಿನವರಿಗೆ ಕಾಣುವ ವಿಳಾಸ ಅದರದ್ದು. ಕರೆಯದೆ ಬಂದ ಹುಳ ರೂಟರಿಗೆ ತಲೆ ಬಡಿದುಕೊಂಡು ಅಲ್ಲಿಯೇ ನಿಲ್ಲುತ್ತದೆ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಹುಳ ಅದೇ ಹಳೆಯ 445ನೆಯ ಬಾಗಿಲಿನಿಂದ ನುಗ್ಗಿ 150ಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಕೇಳಿದಾಗ, ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳುಹಿಸಬೇಕಾಯಿತು. ಅದರ ತೇಪೆಯೂ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ ಬಂದಿತ್ತು! ಅಂದು ರೂಟರಿನ ಹಿಂದೆ ಇದ್ದ ಮನೆ ಕಂಪ್ಯೂಟರುಗಳಿಗೆ ಹೊರಗಿನಿಂದ ಅದು ತಲುಪುವುದು ಕಷ್ಟವಿತ್ತು. ಆದರೆ ಒಂದು ಜಾಲದೊಳಗೆ ಒಂದು ಕಂಪ್ಯೂಟರಿಗೆ ಅದು ಹೊಕ್ಕಿತೆಂದರೆ ಪಕ್ಕದ ಕಂಪ್ಯೂಟರುಗಳಿಗೆ ಹಾರಲು ರೂಟರ್ ಅಡ್ಡ ಬರುವುದಿಲ್ಲ. ಆಗ ಉಳಿಸುವುದು ಆಯಾ ಕಂಪ್ಯೂಟರಿನ ಸ್ವಂತ ಫೈರ್‌ವಾಲ್ ಮಾತ್ರ.

ಇಲ್ಲಿಗೆ ಬಂದಾಗ ನನಗೆ ನೆನಪಾಗುವುದು ಗಲ್ಫ್‌ನ ಬ್ಯಾಚುಲರ್ ರೂಮುಗಳು. ಒಂದು ಫ್ಲಾಟು, ಎಂಟೋ ಹತ್ತೋ ಜನ, ಎಲ್ಲರೂ ಹಂಚಿಕೊಂಡ ಒಂದೇ ವೈಫೈ. ಅಣ್ಣನ ಮಗ ಈಗ ಹಾಗೆಯೇ ಇದ್ದಾನೆ. ಪಕ್ಕದ ಮಂಚದ ಹುಡುಗ ಒಳ್ಳೆಯವನೇ ಇರಬಹುದು. ಅವನ ಲ್ಯಾಪ್‌ಟಾಪಿನಲ್ಲಿ ಏನಿದೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ನಮ್ಮ ಮಕ್ಕಳು ಇರುವ ಹಾಸ್ಟೆಲ್ಲು, ಪಿ.ಜಿ.ಗಳ ಕಥೆಯೂ ಇದೇ. ಹೊಸ ವೈಫೈಗೆ ಸೇರಿದಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಎಂದೋ ‘ಪ್ರೈವೇಟ್’ ಎಂದೋ ಗುರುತಿಸಿಕೊಳ್ಳುತ್ತದೆ. ಪ್ರೈವೇಟ್ ಎಂದರೆ ಮನೆಯವರ ನಡುವೆ ಇದ್ದೇನೆ, ಇತರ ಕಂಪ್ಯೂಟರುಗಳಿಗೆ ಕಾಣಿಸಿಕೊಳ್ಳುತ್ತೇನೆ ಎಂದರ್ಥ. ಪಬ್ಲಿಕ್ ಎಂದರೆ ಬಸ್‌ಸ್ಟ್ಯಾಂಡಿನಲ್ಲಿದ್ದೇನೆ, ಕಾಣಿಸಿಕೊಳ್ಳುವುದಿಲ್ಲ. ‘ನಮ್ಮ ರೂಮು’ ಎಂಬ ಪ್ರೀತಿಯಿಂದ ಅನೇಕರು ಪ್ರೈವೇಟ್ ಆರಿಸುತ್ತಾರೆ. ಹತ್ತು ಜನರ ರೂಮು, ವಿಮಾನ ನಿಲ್ದಾಣ, ಹೋಟೆಲ್ಲು, ಕಾಲೇಜು ಎಲ್ಲಿದ್ದರೂ ಪಬ್ಲಿಕ್ ಇರಲಿ. ಬ್ರೌಸಿಂಗಿಗೆ ಏನೂ ತೊಂದರೆಯಾಗದು. ಅಣ್ಣನ ಮಗನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವನು ನಕ್ಕ. ವಾರ ಬಿಟ್ಟು ಬದಲಾಯಿಸಿದೆ ಎಂದು ಮೆಸೇಜ್ ಹಾಕಿದ.

ಅಂದ ಹಾಗೆ, ಆ ರೂಟರೂ ಒಂದು ಕಂಪ್ಯೂಟರೇ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಮ್ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ರೂಟರು ಹಾಗೂ ಸಿಸಿಟಿವಿ ಕ್ಯಾಮರಾಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಕಾವಲುಗಾರನೇ ಕಳ್ಳರ ಪಾಲಾದರೆ ಮತ್ತೇನು ಉಳಿಯಿತು? ‘ಅಡ್ಮಿನ್’ ಎಂಬ ಪಾಸ್‌ವರ್ಡ್ ನಿಮ್ಮ ರೂಟರಿನಲ್ಲಿ ಇನ್ನೂ ಇದ್ದರೆ ಇಂದೇ ಬದಲಾಯಿಸಿ.

ಒಳಗಿನಿಂದ ತೆರೆದ ಬಾಗಿಲು

ಈಗ ಫೈರ್‌ವಾಲ್ ಮಾಡಲಾಗದ ಕೆಲಸದ ಬಗ್ಗೆ ಹೇಳಲೇಬೇಕು. ನಮ್ಮ ಶಾಲೆಯಿಂದ ನಿವೃತ್ತರಾದ ಹಿರಿಯ ಸಹೋದ್ಯೋಗಿಯೊಬ್ಬರು ಎರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಪತ್ರಿಕೆ ಓದುತ್ತಿದ್ದಾಗ ಪರದೆ ತುಂಬ ಕೆಂಪು ಎಚ್ಚರಿಕೆ ಬಂತಂತೆ, ಸೈರನ್ ಸದ್ದಿನೊಂದಿಗೆ. ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಫೈರ್‌ವಾಲ್ ಒಡೆದಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂದು. ಮಾಡಿದ್ದಾರೆ. ಅತ್ತ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ದೂರದಿಂದಲೇ ಸರಿಪಡಿಸುತ್ತೇನೆಂದು ಒಂದು ತಂತ್ರಾಂಶವನ್ನು ಹಾಕಿಸಿ, ಅದರಲ್ಲಿ ಬರುವ ಸಂಖ್ಯೆಯನ್ನು ಹೇಳಿಸಿಕೊಂಡಿದ್ದಾನೆ. ಮುಂದಿನ ಇಪ್ಪತ್ತು ನಿಮಿಷ ಇವರು ನೋಡುತ್ತಿದ್ದಂತೆಯೇ ಬಾಣ ತಾನಾಗಿ ಪರದೆಯ ಮೇಲೆ ಓಡಾಡಿದೆ. ‘ಸರ್ವೀಸ್ ಚಾರ್ಜ್ ಕೇವಲ ಹತ್ತು ರೂಪಾಯಿ’ ಎಂದು ಬ್ಯಾಂಕಿನ ಪುಟ ತೆರೆಸಿದ್ದಾನೆ. ಮಗಳ ಮದುವೆಗೆಂದು ಇಟ್ಟಿದ್ದ ಹಣದ ಒಂದು ಭಾಗ ಹೋಗಿತ್ತು.

ನಾನು ಅವರ ಮನೆಗೆ ಹೋಗಿ ಮೊದಲು ನೋಡಿದ್ದು ಫೈರ್‌ವಾಲನ್ನು. ಮೂರೂ ಸಾಲುಗಳಲ್ಲಿ ಹಸಿರು ಗುರುತು. ಸರಿಯಾಗಿಯೇ ಇತ್ತು!

ಹೇಗೆ ಎನ್ನುತ್ತೀರಾ? ದೂರದಿಂದ ನಡೆಸುವ ಇಂತಹ ತಂತ್ರಾಂಶಗಳು ಹೊರಗಿನಿಂದ ಬಾಗಿಲು ತಟ್ಟುವುದಿಲ್ಲ. ಅವು ನಮ್ಮ ಕಂಪ್ಯೂಟರಿನ ಒಳಗಿನಿಂದ ಹೊರಗಿನ ಒಂದು ಸರ್ವರಿಗೆ ಕರೆ ಮಾಡುತ್ತವೆ. ಕಳ್ಳ ಆ ಕಡೆಯಿಂದ ಅದೇ ಸರ್ವರಿಗೆ ಬಂದು ಕೂರುತ್ತಾನೆ. ಕಾವಲುಗಾರನ ದೃಷ್ಟಿಯಲ್ಲಿ ಮನೆಯವರೇ ಕರೆದ ಅತಿಥಿ ಅವನು. ತಂತ್ರಾಂಶಗಳೇನೋ ಸಾಚಾ, ಕಂಪೆನಿಗಳಲ್ಲಿ ದಿನನಿತ್ಯ ಬಳಕೆಯಲ್ಲಿರುವಂತಹವು. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಇಂತಹ ‘ಎನಿಡೆಸ್ಕ್’ ಎಂಬ ತಂತ್ರಾಂಶದ ಮೂಲಕ ನಡೆಯುವ ವಂಚನೆಯ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತ್ತು. ಹಳೆಯ ಝೋನ್‌ಅಲಾರ್ಮ್ ಇದ್ದಿದ್ದರೆ ಇದು ಹೊರಗೆ ಹೋಗಬಯಸುತ್ತದೆ, ಬಿಡಲೇ ಎಂದು ಕೇಳುತ್ತಿತ್ತು. ಇವರು ಅಂದಿನ ಆತಂಕದಲ್ಲಿ ‘ಹೌದು’ ಎನ್ನುತ್ತಿದ್ದರು. ಹಾಗಾಗಿ ಅದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಆ ಕೆಂಪು ಎಚ್ಚರಿಕೆ ಬರಿಯ ಒಂದು ವೆಬ್ ಪುಟ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂಬುದನ್ನು ಮನೆಯ ಹಿರಿಯರಿಗೆ ದಯವಿಟ್ಟು ತಿಳಿಸಿ. ಪರದೆ ತುಂಬಿಕೊಂಡು ಮುಚ್ಚಲು ಬಾರದಿದ್ದರೆ ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ, ಇಲ್ಲವೇ ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ. ಅದೂ ಆಗದಿದ್ದರೆ ಕಂಪ್ಯೂಟರನ್ನೇ ಆರಿಸಿಬಿಡಿ, ಏನೂ ಹಾಳಾಗದು. ಯಾರಾದರೂ ಒಳಗೆ ಬಂದುಬಿಟ್ಟಿದ್ದಾರೆಂದು ಗೊತ್ತಾದ ಕೂಡಲೇ ಮಾಡಬೇಕಾದದ್ದು 2003ರಲ್ಲಿ ಅಂಗಡಿಯ ಹುಡುಗ ನನಗೆ ಹೇಳಿದ್ದೇ. ತಂತಿ ಕೀಳಿ, ವೈಫೈ ಆರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುವುದು ಆರಂಭದ ಗಂಟೆಗಳಲ್ಲಿ ಮಾತ್ರ. ಆ ಹಿರಿಯರು ನಾಚಿಕೆಯಿಂದ ಒಂದು ಇಡೀ ದಿನ ಯಾರಿಗೂ ಹೇಳಿರಲಿಲ್ಲ, ನನಗೆ ಫೋನ್ ಮಾಡಿದ್ದು ಮರುದಿನ. ಮಕ್ಕಳು ಬೈದಾರೆಂಬ ಹೆದರಿಕೆ ಅವರಿಗೆ. ಓದುಗರೇ, ನಿಮ್ಮ ತಂದೆ ತಾಯಿ ನಿಮಗೆ ಇಂಥದ್ದನ್ನು ಹೇಳಲು ಹೆದರುವಂತೆ ಇದ್ದೀರಾ?

ನಿಮ್ಮ ಮನೆಯ ಫೈರ್‌ವಾಲ್ ಹೇಗಿದೆ ಎಂದು ನೋಡಲು ಎರಡು ನಿಮಿಷ ಸಾಕು. ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯೂರಿಟಿ’ ಎಂದು ಟೈಪ್ ಮಾಡಿ ತೆರೆಯಿರಿ. ‘ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್’ ಎಂಬಲ್ಲಿಗೆ ಹೋದರೆ ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಸಾಲುಗಳು ಕಾಣುತ್ತವೆ. ಮೂರರಲ್ಲೂ ಆನ್ ಎಂದಿರಬೇಕು. ಬೇರೆ ಕಂಪೆನಿಯ ಭದ್ರತಾ ತಂತ್ರಾಂಶ ಹಾಕಿದ್ದರೆ ಅದರ ಹೆಸರು ಕಾಣಬಹುದು. ಅದರ ಚಂದಾ ಮುಗಿದಿಲ್ಲ ತಾನೇ ಎಂದು ನೋಡಿಕೊಳ್ಳಿ. ಅಲ್ಲೇ ಕೆಳಗೆ ಫೈರ್‌ವಾಲ್ ಮೂಲಕ ಅನುಮತಿ ಪಡೆದ ಪ್ರೋಗ್ರಾಮ್‌ಗಳ ಪಟ್ಟಿ ಇದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಓದಿ. ಗೊತ್ತಿಲ್ಲದ ಹೆಸರುಗಳಿಗೆಲ್ಲ ಹೆದರಬೇಕಿಲ್ಲ, ಬಹುಪಾಲು ವಿಂಡೋಸ್‌ನ ಆಳುಗಳೇ. ಆದರೆ ಎಂದೋ ಅಳಿಸಿಹಾಕಿದ ಆಟದ ಹೆಸರು ಅಲ್ಲಿ ಇನ್ನೂ ಕುಳಿತಿದ್ದರೆ ಗುರುತನ್ನು ತೆಗೆಯಿರಿ. ಮ್ಯಾಕ್ ಕಂಪ್ಯೂಟರ್ ಇರುವವರು ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಫೈರ್‌ವಾಲ್ ಆನ್ ಇದೆಯೇ ನೋಡಿ. ಹಳೆಯ ವಿಂಡೋಸ್ ಬಳಸುವವರಿಗೂ ಒಂದು ಮಾತು. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್‌ನ ಬೆಂಬಲ ಕೊನೆಗೊಂಡಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿದೆ. ತೇಪೆ ಬಾರದ ಕಂಪ್ಯೂಟರಿನ ಮುಂದೆ ಫೈರ್‌ವಾಲ್ ಎಷ್ಟು ಹೊತ್ತು ಒಂಟಿಯಾಗಿ ನಿಂತೀತು?

ಇನ್ನು, ಬೆಲೆಬಾಳುವ ಫೈಲುಗಳ ಒಂದು ಪ್ರತಿ ಕಂಪ್ಯೂಟರಿನ ಹೊರಗೆ ಇರಲಿ. ನನ್ನ ಮನೆಯಲ್ಲಿ ಅದು ಎರಡು ಕಡೆ ಇದೆ. ಬಾಪನ ಮಾತು ಮಾತ್ರ ಎರಡರಲ್ಲಿಯೂ ಇಲ್ಲ.

ಕಳೆದ ತಿಂಗಳು ಹೊಸ ಪ್ರಿಂಟರ್ ತಂದೆವು. ಮಗಳು ಅದರ ತಂತ್ರಾಂಶವನ್ನು ಹಾಕುತ್ತಿದ್ದಳು. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ.

“ಬಾಪಾ, ಇಲ್ಲಿ ಬನ್ನಿ. ಇದು ಏನೋ ಕೇಳುತ್ತಾ ಉಂಟು” ಎಂದು ಕರೆದಳು.

ಹೋಗಿ ನೋಡಿದೆ. ವಿಂಡೋಸ್‌ನ ಫೈರ್‌ವಾಲ್, ಪ್ರಿಂಟರಿನ ಈ ಪ್ರೋಗ್ರಾಮಿಗೆ ಪ್ರೈವೇಟ್ ಹಾಗೂ ಪಬ್ಲಿಕ್ ಜಾಲಗಳಲ್ಲಿ ಒಳಗೆ ಬಿಡಲೇ ಎಂದು ಕೇಳುತ್ತಿತ್ತು. ಇಬ್ಬರೂ ಕುಳಿತು ಹೆಸರನ್ನು ಓದಿದೆವು, ತಯಾರಿಸಿದವರ ಹೆಸರನ್ನು ಓದಿದೆವು. ಪ್ರಿಂಟರ್ ಮನೆಯಲ್ಲಿರುತ್ತದೆ, ಬಸ್‌ಸ್ಟ್ಯಾಂಡಿಗೆ ಬರುವುದಿಲ್ಲವಲ್ಲ ಎಂದು ಅವಳೇ ಹೇಳಿ ಪಬ್ಲಿಕ್‌ನ ಗುರುತನ್ನು ತೆಗೆದಳು. ಪ್ರೈವೇಟ್ ಮಾತ್ರ ಇಟ್ಟು ಅನುಮತಿ ಒತ್ತಿದಳು. ಅವಳ ಪ್ರಾಜೆಕ್ಟಿನ ಮೊದಲ ಪುಟ ಹೊರಗೆ ಬಂತು. ಶಾಯಿ ಸ್ವಲ್ಪ ಓರೆಯಾಗಿತ್ತು, ಅದು ಬೇರೆ ವಿಷಯ.